ಆಲ್ಬರ್ಟಾದ ನಗರ ಚುನಾವಣೆಗಳು: ಒಂದು ಹಳೆಯ ಮಸೀದಿಯಿಂದ ಮೇಯರ್ ಕುರ್ಚಿಯವರೆಗೆ

ಅಬ್ದುಲ್ಲಾ ಯೂಸುಫ್ ಅಲಿಯವರ ಹೆಸರು ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಕುರ್‌ಆನಿನ ಇಂಗ್ಲಿಷ್ ಅನುವಾದ ಅಂದಕೂಡಲೇ ನೆನಪಿಗೆ ಬರುವುದು ಅವರ ಹೆಸರೇ. ಬೊಂಬಾಯಿಯಲ್ಲಿ ಓದಿದವರು, ಐ.ಸಿ.ಎಸ್. ಅಧಿಕಾರಿಯಾಗಿದ್ದವರು. 1930ರ ದಶಕದಲ್ಲಿ ಲಾಹೋರಿನಿಂದ ಆ ಅನುವಾದ ಕಂತು ಕಂತಾಗಿ ಹೊರಬಂತು. ಅದು ಮುಗಿದ ಮೇಲೆ, 1938ರ ಡಿಸೆಂಬರ್ 12ರಂದು, ಅವರು ಎಲ್ಲಿದ್ದರು ಅಂತ ಕೇಳಿದರೆ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ. ಕೆನಡಾದ ಆಲ್ಬರ್ಟಾ ಪ್ರಾಂತದ ಎಡ್ಮಂಟನ್ ನಗರದಲ್ಲಿ, ಆ ದೇಶದ ಮೊದಲ ಮಸೀದಿಯಾದ ಅಲ್ ರಶೀದ್‌ನ ಉದ್ಘಾಟನೆಗೆ ಬಂದಿದ್ದರು.

ನನ್ನ ಗಮನ ಹೋದದ್ದು ಅವರ ಜೊತೆಗಿದ್ದವರ ಮೇಲೆ. ಎಡ್ಮಂಟನ್ನಿನ ಮೇಯರ್ ಜಾನ್ ಫ್ರೈ ಅಲ್ಲಿದ್ದರು. ಹ್ಯಾನಾ ಎಂಬ ಸಣ್ಣ ಊರಿನ ಮೇಯರ್ ಐ. ಎಫ್. ಶೇಕರ್ ಕೂಡ ಇದ್ದರು. ಈ ಶೇಕರ್ ಅರಬ್ ಮೂಲದ ಕ್ರೈಸ್ತರು. ಅಂದರೆ 1938ರ ಹೊತ್ತಿಗೇ, ಆ ಗೋಧಿ ಹೊಲಗಳ ನಾಡಿನ ಒಂದು ಊರು ಅರಬ್ ಮನೆತನದ ಒಬ್ಬನನ್ನು ಮೇಯರ್ ಮಾಡಿಕೊಂಡಿತ್ತು. ಪ್ರಾಂತದ ಮಂತ್ರಿಗಳು, ಒಟ್ಟಾವದ ಪಾರ್ಲಿಮೆಂಟ್ ಸದಸ್ಯರು ಇವರೆಲ್ಲ ಬಹಳ ದೂರದ ಮಾತು. ಒಂದು ಸಣ್ಣ ಜಮಾತಿನ ಪಾಲಿಗೆ ಸರಕಾರ ಅಂದರೆ ಊರಿನ ಪಾಲಿಕೆ.

ಅದಕ್ಕೆ ಕಾರಣವೂ ಇತ್ತು. ಆಗ ಇಡೀ ಕೆನಡಾದಲ್ಲಿ ಮುಸ್ಲಿಮರು ಬಹಳ ಕಡಿಮೆ, 1931ರ ಜನಗಣತಿಯಲ್ಲಿ ಸಾವಿರವೂ ಇರಲಿಲ್ಲ. ಎಡ್ಮಂಟನ್ನಿನಲ್ಲಿದ್ದವರು ಹೆಚ್ಚಾಗಿ ಲೆಬನಾನಿನಿಂದ ಬಂದ ತುಪ್ಪಳದ ವ್ಯಾಪಾರಿಗಳು, ಹಳ್ಳಿ ಹಳ್ಳಿ ತಿರುಗಿ ಸಾಮಾನು ಮಾರುವವರು, ಅಂಗಡಿಯವರು. ಅವರಲ್ಲೊಬ್ಬರ ಪತ್ನಿ ಹಿಲ್ವಿ ಹಮ್ದೂನ್ ಇತರ ಹೆಂಗಸರ ಜೊತೆ ಮೇಯರ್ ಹತ್ತಿರ ಹೋಗಿ ಮಸೀದಿಗೆ ಜಾಗ ಕೇಳಿದರು. ಕಟ್ಟಡಕ್ಕೆ ಹಣ ಎಲ್ಲಿದೆ ಅಂತ ಪ್ರಶ್ನೆ ಬಂತು. ಬೇಕಾದ ಮೊತ್ತ ಐದು ಸಾವಿರ ಡಾಲರ್. ಮಹಾ ಆರ್ಥಿಕ ಕುಸಿತದ ಕಾಲ ಅದು, ಐದು ಸಾವಿರ ಸಣ್ಣ ಮಾತಲ್ಲ. ಹೆಂಗಸರು ಜ್ಯಾಸ್ಪರ್ ಅವೆನ್ಯೂ ಎಂಬ ಪೇಟೆ ಬೀದಿಯಲ್ಲಿ ಅಂಗಡಿ ಅಂಗಡಿ ಹತ್ತಿ ಚಂದಾ ಎತ್ತಿದರು. ಕೊಟ್ಟವರಲ್ಲಿ ಮುಸ್ಲಿಮರಿದ್ದರು, ಕ್ರೈಸ್ತರಿದ್ದರು, ಯಹೂದಿಗಳೂ ಇದ್ದರು. ಕಟ್ಟಿದ ಗುತ್ತಿಗೆದಾರ ಉಕ್ರೇನ್ ಮೂಲದವನು, ಜೀವಮಾನದಲ್ಲಿ ಮಸೀದಿ ಕಂಡವನಲ್ಲ. ಹಾಗಾಗಿ ಆ ಕಟ್ಟಡದ ಎದುರು ನಿಂತರೆ ಉಕ್ರೇನಿನ ಚರ್ಚಿನ ಛಾಯೆ ಕಾಣುತ್ತದೆ. ನನಗಂತೂ ಅದೇ ಅದರ ಚೆಲುವು.

ಇಲ್ಲಿ ಆ ಪ್ರಾಂತದ ಸ್ಥಳೀಯ ಚುನಾವಣೆ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು. ನಮ್ಮ ಮುಂಬಯಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಮೇಯರನ್ನು ಆರಿಸುವವರು ಕಾರ್ಪೊರೇಟರುಗಳು. ಪಕ್ಷದ ಮುಖಂಡರು ಯಾರ ಹೆಸರು ಹೇಳುತ್ತಾರೋ ಅವರಿಗೆ ಕುರ್ಚಿ. ಆಲ್ಬರ್ಟಾದ ನಗರಗಳಲ್ಲಿ ಮೇಯರನ್ನು ಜನರೇ ನೇರವಾಗಿ ಆರಿಸುತ್ತಾರೆ, ಅದೇ ದಿನ ತಮ್ಮ ವಾರ್ಡಿನ ಕೌನ್ಸಿಲರನ್ನೂ, ಶಾಲಾ ಮಂಡಳಿಯ ಸದಸ್ಯರನ್ನೂ ಆರಿಸುತ್ತಾರೆ. ಅಕ್ಟೋಬರ್ ತಿಂಗಳ ಮೂರನೇ ಸೋಮವಾರ ಇಡೀ ಪ್ರಾಂತದ ಊರುಗಳಿಗೆಲ್ಲ ಒಂದೇ ದಿನ ಮತದಾನ. ಮೊದಲು ಮೂರು ವರ್ಷಕ್ಕೊಮ್ಮೆ ಇತ್ತು, 2013ರಿಂದ ನಾಲ್ಕು ವರ್ಷಕ್ಕೊಮ್ಮೆ. ಮತ ಹಾಕಲು ಹದಿನೆಂಟು ತುಂಬಿರಬೇಕು, ಕೆನಡಾದ ಪೌರರಾಗಿರಬೇಕು. ಕಾಯಂ ವಾಸದ ಪರವಾನಗಿ ಇದ್ದು ಹತ್ತು ವರ್ಷ ತೆರಿಗೆ ಕಟ್ಟಿದವರಿಗೂ ಮತವಿಲ್ಲ. ಮುಖ್ಯವಾದ ಮಾತು ಏನೆಂದರೆ, ಇತ್ತೀಚಿನವರೆಗೂ ಮತಪತ್ರದ ಮೇಲೆ ಪಕ್ಷದ ಹೆಸರು ಇರುತ್ತಿರಲಿಲ್ಲ. ಹೆಸರು ಮಾತ್ರ. ನೀವು ಯಾರು, ಏನು ಮಾಡುತ್ತೀರಿ ಅಂತ ಬಾಗಿಲು ಬಾಗಿಲಿಗೆ ಹೋಗಿ ಹೇಳಬೇಕು. ಬಾಗಿಲು ತೆಗೆದವರು ಕೇಳುವುದೂ ಅಂಥದ್ದೇ: ರಸ್ತೆಯ ಹಿಮ ಯಾವಾಗ ತೆಗೆಸುತ್ತೀರಿ, ಬಸ್ಸು ಯಾಕೆ ತಡ, ಆಸ್ತಿ ತೆರಿಗೆ ಎಷ್ಟು ಏರಿಸುತ್ತೀರಿ.

ಇದರರ್ಥ ಅಲ್ಲಿ ಎಲ್ಲರಿಗೂ ಸಮಪಾಲು ಸಿಕ್ಕಿತ್ತು ಅಂತಲ್ಲ. ಪಕ್ಕದ ಬ್ರಿಟಿಷ್ ಕೊಲಂಬಿಯಾ ಪ್ರಾಂತ 1907ರಲ್ಲಿ ಭಾರತೀಯರ ಮತದಾನದ ಹಕ್ಕನ್ನೇ ಕಿತ್ತುಕೊಂಡಿತು. ಅದು ಮರಳಿದ್ದು 1947ರಲ್ಲಿ. ಹಕ್ಕು ಮರಳಿದ ಮೂರೇ ವರ್ಷಕ್ಕೆ, 1950ರಲ್ಲಿ, ಮಿಷನ್ ಎಂಬ ಊರಿನಲ್ಲಿ ನರಂಜನ್ ಗ್ರೇವಾಲ್ ಊರ ಮಂಡಳಿಗೆ ಆರಿಸಿಬಂದರು. ಅಲ್ಲಿಯೂ ಮೊದಲ ಮೆಟ್ಟಿಲು ಪುರಸಭೆಯೇ. ಇನ್ನು ಆ ನೆಲದ ಮೂಲ ನಿವಾಸಿಗಳಿಗೆ ಆಲ್ಬರ್ಟಾ ಪ್ರಾಂತದ ಚುನಾವಣೆಯಲ್ಲಿ ಮತ ಸಿಕ್ಕಿದ್ದು 1965ರಲ್ಲಿ. ವಲಸೆ ಬಂದವರ ಗೆಲುವಿನ ಕಥೆ ಹೇಳುವಾಗ ಇದನ್ನು ಬಿಟ್ಟುಬಿಡುವ ಚಾಳಿ ನಮಗಿದೆ.

ಇನ್ನೊಂದು ವಿಷಯ, ವಿದ್ಯಾರ್ಥಿಗಳಿಗೆ ಉಪಯೋಗವಾದೀತು. ಆಲ್ಬರ್ಟಾದ ದೊಡ್ಡ ನಗರ ಕ್ಯಾಲ್ಗರಿ 1917ರಲ್ಲೇ ಪ್ರಾಶಸ್ತ್ಯದ ಕ್ರಮದಲ್ಲಿ ಮತ ಹಾಕುವ ಪದ್ಧತಿಯನ್ನು ತಂದಿತ್ತು. ನಮ್ಮ ರಾಜ್ಯಸಭೆಯ ಚುನಾವಣೆಯಲ್ಲಿ ಶಾಸಕರು 1, 2, 3 ಅಂತ ಬರೆಯುತ್ತಾರಲ್ಲ, ಅದೇ ಬಗೆ. ಅದೇ ವರ್ಷದ ಕೊನೆಗೆ ಆನಿ ಗೇಲ್ ಎಂಬ ಮಹಿಳೆ ಅಲ್ಲಿನ ಪಾಲಿಕೆಗೆ ಗೆದ್ದರು. ಕೆನಡಾದ ನಗರಪಾಲಿಕೆಯೊಂದಕ್ಕೆ ಆರಿಸಿಬಂದ ಮೊದಲ ಹೆಂಗಸು ಅವರೇ. 1960ರ ದಶಕದಿಂದ ಆ ಪದ್ಧತಿ ಮರೆಯಾಯಿತು. ಈಗ ಹೆಚ್ಚು ಮತ ಪಡೆದವರು ಗೆದ್ದಂತೆ, ಅರ್ಧಕ್ಕಿಂತ ಕಡಿಮೆ ಇದ್ದರೂ ಸರಿಯೆ.

ಈ ಅಂಶ ಮುಂದಿನ ಕಥೆಗೆ ಬೇಕು. 2010ರ ಅಕ್ಟೋಬರ್ 18ರಂದು ಕ್ಯಾಲ್ಗರಿಯಲ್ಲಿ ನಾಹಿದ್ ನೆನ್ಶಿ ಮೇಯರ್ ಆದರು. ಉತ್ತರ ಅಮೆರಿಕದ ದೊಡ್ಡ ನಗರವೊಂದಕ್ಕೆ ಮೊದಲ ಮುಸ್ಲಿಮ್ ಮೇಯರ್ ಅಂತ ಜಗತ್ತಿನ ಪತ್ರಿಕೆಗಳು ಬರೆದವು. ಗುಜರಾತಿ ಮೂಲದ ಇಸ್ಮಾಯಿಲಿ ಕುಟುಂಬ; ತಂದೆತಾಯಿ ತಾಂಜಾನಿಯಾದಿಂದ ಕೆನಡಾಕ್ಕೆ ಬಂದವರು. ನೆನ್ಶಿ ಹುಟ್ಟಿದ್ದು 1972ರಲ್ಲಿ ಟೊರಾಂಟೊದಲ್ಲಿ, ಬೆಳೆದದ್ದು ಕ್ಯಾಲ್ಗರಿಯಲ್ಲಿ. ಹಾರ್ವರ್ಡಿನಲ್ಲಿ ಓದಿ ಬಂದು ಊರಿನ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಿದ್ದರು. 2004ರಲ್ಲಿ ಪಾಲಿಕೆಗೆ ನಿಂತು ಸೋತಿದ್ದರು ಕೂಡ.

ಕ್ಯಾಲ್ಗರಿ ಅಂದರೆ ತೈಲ ಕಂಪನಿಗಳ ಊರು, ದನಗಾಹಿಗಳ ಜಾತ್ರೆಯ ಊರು, ಕನ್ಸರ್ವೇಟಿವರ ಕೋಟೆ. ಅಂಥ ಕಡೆ ಈ ಮನುಷ್ಯ ಹೇಗೆ ಗೆದ್ದ? ಚುನಾವಣೆಗೆ ಒಂದು ತಿಂಗಳಿರುವಾಗ ಸಮೀಕ್ಷೆಯಲ್ಲಿ ಅವರಿಗೆ ಸಿಕ್ಕಿದ್ದು ಶೇಕಡಾ 8ರಷ್ಟು ಬೆಂಬಲ. ಮುಂದಿದ್ದವರು ಇಬ್ಬರು: ಪಾಲಿಕೆಯ ಹಳೆಯ ಸದಸ್ಯ ರಿಕ್ ಮೆಕೈವರ್, ಟಿವಿಯಲ್ಲಿ ವಾರ್ತೆ ಓದಿ ಮನೆಮಾತಾಗಿದ್ದ ಬಾರ್ಬ್ ಹಿಗಿನ್ಸ್. ನೆನ್ಶಿ ಆರಿಸಿಕೊಂಡದ್ದು ನೇರಳೆ ಬಣ್ಣ. ಲಿಬರಲರ ಕೆಂಪು, ಕನ್ಸರ್ವೇಟಿವರ ನೀಲಿ, ಎರಡೂ ಸೇರಿದರೆ ನೇರಳೆ. ಮನೆಗಳಲ್ಲಿ ಕಾಫಿಗೆ ಕರೆದ ಕಡೆ ಹೋಗಿ ಕೂತರು, ಫೇಸ್‌ಬುಕ್ಕಿನಲ್ಲಿ ಜನರ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಘೋಷಣೆ ಕೂಗದೆ ಪೂರ್ತಿ ವಾಕ್ಯಗಳಲ್ಲಿ ರಾಜಕೀಯ ಮಾತಾಡುತ್ತೇನೆ ಅನ್ನುವುದು ಅವರ ಧೋರಣೆ. ಶೇಕಡಾ 53ರಷ್ಟು ಜನ ಮತ ಹಾಕಿದರು, ಸ್ಥಳೀಯ ಚುನಾವಣೆಗೆ ಅದು ದೊಡ್ಡ ಅಂಕಿ. ನೆನ್ಶಿಗೆ ಬಂದದ್ದು 1 ಲಕ್ಷ 40 ಸಾವಿರ ಮತ, ಸುಮಾರು ಶೇಕಡಾ 40.

ಉಳಿದ 60 ಶೇಕಡಾ ಬೇರೆಯವರಿಗೆ ಹೋಗಿತ್ತು ಅನ್ನುವುದನ್ನು ನಮ್ಮ ಸಂಭ್ರಮದ ಲೇಖನಗಳು ಹೇಳುವುದಿಲ್ಲ. ಹಳೆಯ ಪ್ರಾಶಸ್ತ್ಯದ ಪದ್ಧತಿ ಇದ್ದಿದ್ದರೆ ಏನಾಗುತ್ತಿತ್ತೋ. ಆದರೆ ಮುಂದಿನ ಸಲ, 2013ರಲ್ಲಿ, ಅದೇ ಊರು ಅವರಿಗೆ ಶೇಕಡಾ 74 ಮತ ಕೊಟ್ಟಿತು. ಆ ವರ್ಷ ಜೂನಿನಲ್ಲಿ ಬೋ ನದಿ ಉಕ್ಕಿ ನಗರದ ನಡುಭಾಗ ಮುಳುಗಿತ್ತು, ಸಾವಿರಾರು ಜನ ಮನೆ ಬಿಟ್ಟಿದ್ದರು. ಹಗಲು ರಾತ್ರಿ ಟಿವಿಯ ಮುಂದೆ ನಿಂತು ಯಾವ ಬಡಾವಣೆ ಖಾಲಿ ಮಾಡಬೇಕು, ಯಾರು ನದಿ ಹತ್ತಿರ ಹೋಗಬಾರದು ಅಂತ ಹೇಳುತ್ತಿದ್ದ ಮೇಯರನ್ನು ಜನ ನೋಡಿದ್ದರು. ಆಗ ಅವರ ನಮಾಜಿನ ಬಗ್ಗೆ ಯಾರೂ ಕೇಳಿರಲಿಕ್ಕಿಲ್ಲ.

ಇನ್ನು ಅಧಿಕಾರದ ಮಾತು. ಕ್ಯಾಲ್ಗರಿ ಪಾಲಿಕೆಯಲ್ಲಿ ವಾರ್ಡಿನವರು 14, ಮೇಯರ್ ಸೇರಿ 15. ಮೇಯರಿಗೂ ಒಂದೇ ಮತ. ವಿಮಾನ ನಿಲ್ದಾಣದ ಕೆಳಗೆ ಸುರಂಗ ರಸ್ತೆ ಮಾಡಬೇಕು ಅಂತ ನೆನ್ಶಿ ಹಟ ಹಿಡಿದಾಗ 2011ರಲ್ಲಿ ಅದು ಪಾಸಾದದ್ದು 8ಕ್ಕೆ 7ರ ಅಂತರದಲ್ಲಿ. ಇನ್ನೊಂದು ವಿಷಯದಲ್ಲಿ ಮಾತ್ರ ಅವರು ಸೋಲುತ್ತಲೇ ಹೋದರು. ಮನೆಯ ಬೇಸ್‌ಮೆಂಟನ್ನು ಬಾಡಿಗೆಗೆ ಕೊಡುವುದು ಆ ಊರಿನ ಬಹಳಷ್ಟು ಬಡಾವಣೆಗಳಲ್ಲಿ ಕಾನೂನುಬಾಹಿರವಾಗಿತ್ತು. ಕೊಡುವವರು ಕದ್ದುಮುಚ್ಚಿ ಕೊಡುತ್ತಿದ್ದರು. ಇರುವವರು ಯಾರು? ವಿದ್ಯಾರ್ಥಿಗಳು, ಹೊಸದಾಗಿ ವಲಸೆ ಬಂದವರು, ಕಡಿಮೆ ಸಂಬಳದವರು. ಪರವಾನಗಿ ಬೇಕಾದರೆ ಮನೆಯೊಡೆಯ ಪಾಲಿಕೆಯ ಸಭೆಗೇ ಬರಬೇಕು, ನೆರೆಯವರು ಎದ್ದು ನಿಂತು ಆಕ್ಷೇಪ ಹೇಳಬಹುದು, ಆಮೇಲೆ 15 ಜನ ಕೂತು ಒಂದೊಂದೇ ಬೇಸ್‌ಮೆಂಟಿನ ಮೇಲೆ ಮತ ಹಾಕಬೇಕು! ಮೊಹಲ್ಲಾ ಜಗಳಕ್ಕೆ ಇದಕ್ಕಿಂತ ಒಳ್ಳೆಯ ವೇದಿಕೆ ಬೇರೆ ಬೇಕೆ. ಇದನ್ನು ಸರಳ ಮಾಡಲು ನೆನ್ಶಿ ವರ್ಷಗಟ್ಟಲೆ ಯತ್ನಿಸಿ ಸೋತರು. ಕೊನೆಗೆ ಸುಧಾರಣೆ ಪಾಸಾದದ್ದು 2018ರಲ್ಲಿ, ಅವರ ಮೂರನೇ ಅವಧಿಯಲ್ಲಿ. ಅವರ ಹನ್ನೊಂದು ವರ್ಷಗಳಲ್ಲಿ ನಾನು ಹೆಚ್ಚು ಬೆಲೆ ಕಟ್ಟುವುದು ಈ ಕೆಲಸಕ್ಕೆ. ಇದರ ಲಾಭ ಪಡೆದವರಲ್ಲಿ ಎಷ್ಟೋ ಜನ ಮುಸ್ಲಿಮರು, ಆದರೆ ಇದು ಮುಸ್ಲಿಮರ ಬೇಡಿಕೆ ಅಂತ ಯಾರೂ ಹಣೆಪಟ್ಟಿ ಹಚ್ಚಲಾಗಲಿಲ್ಲ. ಬಾಡಿಗೆದಾರನ ಬೇಡಿಕೆ ಅದು.

ಆ ಮೂರನೇ ಗೆಲುವು ಸಲೀಸಾಗಿರಲಿಲ್ಲ. 2017ರಲ್ಲಿ ಶೇಕಡಾ 51ರಷ್ಟು ಮತ, ಎದುರಾಳಿ ಬಿಲ್ ಸ್ಮಿತ್‌ಗೆ 44ರ ಸಮೀಪ. ಆ ಹೊತ್ತಿಗೆ ಸಾಮಾಜಿಕ ಜಾಲತಾಣಗಳಲ್ಲಿ ತಮ್ಮ ಮೇಲೆ ಬರುತ್ತಿದ್ದ ದ್ವೇಷದ ಮಾತುಗಳ ಬಗ್ಗೆ ನೆನ್ಶಿ ಬಹಿರಂಗವಾಗಿ ಹೇಳಿದರು. ಜನಾಂಗದ ವಿಷಯ ಎಳೆದು ತರುತ್ತಿದ್ದಾರೆ ಅಂತ ಟೀಕೆಯೂ ಬಂತು. 2010ರಲ್ಲಿ ಊರೊಳಗೆ ಅಷ್ಟಾಗಿ ಚರ್ಚೆಯಾಗದ ಧರ್ಮ ಏಳು ವರ್ಷದಲ್ಲಿ ಮೇಲೆ ಬಂದಿತ್ತು. ನಮಗೆ ಇದು ಹೊಸದಲ್ಲ ಬಿಡಿ. ಹೇಳಿದರೆ ದೂರುತ್ತಾನೆ ಅನ್ನುತ್ತಾರೆ, ಹೇಳದಿದ್ದರೆ ಏನೂ ಆಗಿಲ್ಲ ಅನ್ನುತ್ತಾರೆ.

2021ರಲ್ಲಿ ನೆನ್ಶಿ ನಿಲ್ಲಲಿಲ್ಲ. ಆ ಅಕ್ಟೋಬರಿನ ಒಂದೇ ರಾತ್ರಿ ಪ್ರಾಂತದ ಎರಡೂ ದೊಡ್ಡ ನಗರಗಳು ಪಂಜಾಬಿ ಮೂಲದವರನ್ನು ಮೇಯರ್ ಮಾಡಿದವು. ಕ್ಯಾಲ್ಗರಿಗೆ ಜ್ಯೋತಿ ಗೊಂಡೆಕ್, ಆ ನಗರದ ಮೊದಲ ಮಹಿಳಾ ಮೇಯರ್. ಎಡ್ಮಂಟನ್ನಿಗೆ ಅಮರ್‌ಜೀತ್ ಸೋಹಿ. ಸೋಹಿಯವರ ಕಥೆಯನ್ನು ಭಾರತದಲ್ಲಿರುವ ನಾವು ಓದಲೇಬೇಕು. ಹದಿಹರೆಯದಲ್ಲಿ ಕೆನಡಾಕ್ಕೆ ಹೋದವರು 1988ರಲ್ಲಿ ಭಾರತಕ್ಕೆ ಬಂದಿದ್ದಾಗ ಬಿಹಾರದಲ್ಲಿ ಟಾಡಾ ಕಾನೂನಿನಡಿ ಬಂಧನಕ್ಕೊಳಗಾದರು. ಸುಮಾರು 21 ತಿಂಗಳು ಜೈಲು, ಹೆಚ್ಚಿನ ಕಾಲ ಒಂಟಿ ಕೋಣೆಯಲ್ಲಿ. ಕಡೆಗೆ ಬಿಡುಗಡೆಯಾಯಿತು. ಟಾಡಾ ಅಂದರೆ ಏನು ಅಂತ ಮುಂಬಯಿಯ ನಮ್ಮ ಮೊಹಲ್ಲಾಗಳಿಗೆ ವಿವರಿಸಬೇಕಾಗಿಲ್ಲ. ಎಡ್ಮಂಟನ್ನಿಗೆ ಮರಳಿದ ಸೋಹಿ ನಗರದ ಬಸ್ ಓಡಿಸಿದರು, 2007ರಲ್ಲಿ ಪಾಲಿಕೆಗೆ ಗೆದ್ದರು, ಆಮೇಲೆ ಕೇಂದ್ರದಲ್ಲಿ ಮಂತ್ರಿ, ಆಮೇಲೆ ಮೇಯರ್. ಯಾವ ನಗರದ ಬಸ್ ಓಡಿಸಿದ್ದರೋ ಅದೇ ನಗರದ ಮೇಯರ್.

ಅಲ್ ರಶೀದ್ ಮಸೀದಿಯ ಕಥೆಯೂ ಅಲ್ಲಿಗೆ ನಿಂತಿರಲಿಲ್ಲ. ಜಮಾತು ಬೆಳೆದು 1982ರಲ್ಲಿ ದೊಡ್ಡ ಮಸೀದಿ ಆಯಿತು, ಹಳೆಯದು ಖಾಲಿ ಬಿತ್ತು. ಅದು ನಿಂತ ಜಾಗ ಪಕ್ಕದ ಆಸ್ಪತ್ರೆಗೆ ಬೇಕಾಯಿತು. ಕೆಡವುವ ಮಾತು ಬಂತು. ಮತ್ತೆ ಹೆಂಗಸರೇ ಎದ್ದರು, ಕೆನಡಾದ ಮುಸ್ಲಿಮ್ ಮಹಿಳೆಯರ ಸಂಘಟನೆಯ ಸ್ಥಳೀಯ ಶಾಖೆಯವರು. ನಗರದ ಇತಿಹಾಸ ತೋರಿಸುವ ಫೋರ್ಟ್ ಎಡ್ಮಂಟನ್ ಪಾರ್ಕಿನಲ್ಲಿ ಈ ಕಟ್ಟಡಕ್ಕೂ ಜಾಗ ಕೊಡಿ ಅಂತ ಕೇಳಿದರು. ವಿರೋಧವೂ ಬಂತು. ಹಣ ಎತ್ತಿ, ಒಪ್ಪಿಸಿ, 1992ರಲ್ಲಿ ಇಡೀ ಕಟ್ಟಡವನ್ನೇ ಪಾರ್ಕಿಗೆ ಸಾಗಿಸಿದರು. ಮಸೀದಿ ಊರಿನ ಇತಿಹಾಸದ ಭಾಗ ಹೌದೋ ಅಲ್ಲವೋ ಅನ್ನುವ ಪ್ರಶ್ನೆ ಅಲ್ಲಿ ಬಗೆಹರಿದದ್ದು ಹೀಗೆ.

ಈಚೆಗೆ ನಿಯಮಗಳು ಬದಲಾಗಿವೆ. 2024ರಲ್ಲಿ ಪ್ರಾಂತ ಸರಕಾರ ಹೊಸ ಕಾನೂನು ತಂದು ಕ್ಯಾಲ್ಗರಿ ಮತ್ತು ಎಡ್ಮಂಟನ್ನಿನಲ್ಲಿ ಪಕ್ಷಗಳಿಗೆ ಅವಕಾಶ ಕೊಟ್ಟಿತು, ಮತ ಎಣಿಸುವ ಯಂತ್ರಗಳನ್ನು ನಿಷೇಧಿಸಿತು. ಪಕ್ಷದ ಹೆಸರಿದ್ದರೆ ಮತದಾರನಿಗೆ ಗೊಂದಲ ಕಡಿಮೆ ಅನ್ನುವುದು ಪರವಾಗಿರುವವರ ವಾದ. ನನಗೆ ಅನುಮಾನ. ಪಕ್ಷ ಬಂದ ಮೇಲೆ ಟಿಕೆಟ್ ಬರುತ್ತದೆ, ಟಿಕೆಟ್ ಕೊಡುವ ನಾಲ್ಕು ಜನ ಬರುತ್ತಾರೆ, ಈ ಹೆಸರಿನವನು ಈ ವಾರ್ಡಿನಲ್ಲಿ ಗೆಲ್ಲುತ್ತಾನಾ ಅನ್ನುವ ಲೆಕ್ಕ ಬರುತ್ತದೆ. ಶೇಕಡಾ 8ರಲ್ಲಿದ್ದ ಮೇಷ್ಟ್ರಿಗೆ ಆ ಲೆಕ್ಕದಲ್ಲಿ ಯಾರು ಟಿಕೆಟ್ ಕೊಡುತ್ತಿದ್ದರು?

2025ರ ಅಕ್ಟೋಬರ್ 20ರಂದು ಹೊಸ ನಿಯಮದಡಿ ಮತದಾನ ನಡೆಯಿತು. ಚೀಟಿಗಳನ್ನು ಕೈಯಲ್ಲಿ ಎಣಿಸಬೇಕಾಗಿದ್ದರಿಂದ ಫಲಿತಾಂಶ ತಡವಾಯಿತು. ಕ್ಯಾಲ್ಗರಿಯಲ್ಲಿ ಮೇಯರ್ ಗೊಂಡೆಕ್ ಸೋತು ಮೂರನೇ ಸ್ಥಾನಕ್ಕೆ ಇಳಿದರು. ಪಕ್ಷವೊಂದರ ಹೆಸರಿನಲ್ಲಿ ನಿಂತಿದ್ದ ಸೋನ್ಯಾ ಶಾರ್ಪ್ ಎರಡನೆಯವರಾದರು. ಅವರನ್ನು ಕೆಲವೇ ನೂರು ಮತಗಳಿಂದ ದಾಟಿ ಗೆದ್ದವರು ಯಾವ ಪಕ್ಷಕ್ಕೂ ಸೇರದೆ ನಿಂತಿದ್ದ ಜೆರಮಿ ಫಾರ್ಕಸ್.