ಮುಗಿಯದ ಸೆಪ್ಟೆಂಬರ್ ಮತ್ತು ಒಂದು ತುಂಡು ಬೆಲ್ಲ

ನಮ್ಮೂರಲ್ಲಿ ಯಾರಾದ್ರೂ ಮನೆಗೆ ಬಂದ್ರೆ ಮೊದಲು ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ. ಯಾವೂರು, ಯಾರ ಪೈಕಿ ಅನ್ನೋ ವಿಚಾರಣೆ ಆಮೇಲೆ. ಇಂಟರ್ನೆಟ್ಟಿನಲ್ಲಿ ಈ ಕ್ರಮ ತಲೆಕೆಳಗು. ಮೊದಲು ವಿಚಾರಣೆ, ಬೆಲ್ಲ ಸಿಕ್ಕರೆ ಪುಣ್ಯ.

ಇದು ಹಳೇ ಕಥೆ. 1980ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಶುರುಮಾಡಿದ ಯೂಸ್‌ನೆಟ್‌ಗೆ ಯಜಮಾನ ಅಂತ ಯಾರೂ ಇರಲಿಲ್ಲ. ಸಂದೇಶಗಳು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತಿದ್ದವು. ಪ್ರತಿ ಸೆಪ್ಟೆಂಬರ್‌ನಲ್ಲಿ ಕಾಲೇಜಿಗೆ ಸೇರಿದ ಹೊಸಬರು ಬಂದು ಗದ್ದಲ ಎಬ್ಬಿಸೋರು. ಹಳಬರು ಬೈಯೋರು, ಹಾಗೇ ಕಲಿಸೋರು ಕೂಡ. ಹೊಸಬರಿಗೆಂದೇ ಒಂದು ಗುಂಪಿತ್ತು. ಅಲ್ಲಿನ ರೀತಿನೀತಿ ತಿಳಿಸುವ ಬರಹಗಳನ್ನು ಅದರಲ್ಲಿ ಮತ್ತೆ ಮತ್ತೆ ಹಾಕುತ್ತಿದ್ದರು. ಸ್ವಲ್ಪ ದಿನದಲ್ಲಿ ಎಲ್ಲ ತಣ್ಣಗಾಗ್ತಿತ್ತು.

1993ರಿಂದ ಈ ಲೆಕ್ಕ ತಪ್ಪಿತು. ಮನೆಗಳಿಗೆ ಇಂಟರ್ನೆಟ್ ಕೊಡುವ ಕಂಪನಿಗಳ ಗ್ರಾಹಕರು ವರ್ಷವಿಡೀ ಬರತೊಡಗಿದರು. 1994ರಲ್ಲಿ ಎಒಎಲ್ ಕೂಡ ಬಾಗಿಲು ತೆರೆಯಿತು. ಬರುವವರು ಹೆಚ್ಚಾದರು, ಕಲಿಸುವವರು ಅಷ್ಟೇ ಉಳಿದರು. ಹಳಬರು ಅದಕ್ಕೆ 'ಮುಗಿಯದ ಸೆಪ್ಟೆಂಬರ್' ಅಂತ ಹೆಸರಿಟ್ಟರು. ಹೆಸರಲ್ಲೇ ಇದೆ ನೋಡಿ, ತಪ್ಪೆಲ್ಲ ಬಂದವರದ್ದು!

2016ರಲ್ಲಿ ಜರ್ಮನಿಯ ಯೂಜೆನ್ ರೋಚ್ಕೊ ಶುರುಮಾಡಿದ ಮಾಸ್ಟೊಡಾನ್ ಕೂಡ ಯಜಮಾನನಿಲ್ಲದ ಊರೇ. ಸಾವಿರಾರು ಸರ್ವರ್‌ಗಳು, ಒಂದೊಂದಕ್ಕೂ ಅದರದೇ ನಿಯಮ, ಆದರೂ ಮಾತು ಎಲ್ಲ ಕಡೆ ಹರಿಯುತ್ತೆ. 2019ರ ನವೆಂಬರ್‌ನಲ್ಲಿ, ಸುಪ್ರೀಂ ಕೋರ್ಟ್ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿದ್ದಕ್ಕೆ ಸಿಟ್ಟಾಗಿ ಬಹಳಷ್ಟು ಭಾರತೀಯರು ಅಲ್ಲಿಗೆ ಹೋದರು. ನಾನೂ ಹೋದೆ. ಪರಿಚಯದ ಎರಡು ಸಾಲು ಬರೆದೆ. ಗುರುತಿಲ್ಲದ ಯಾರೋ ಬಂದು ಸ್ವಾಗತ ಹೇಳಿ, ಯಾವುದು ಎಲ್ಲಿದೆ ಅಂತ ತೋರಿಸಿಕೊಟ್ಟರು. ಅದೇ ನನಗೆ ಸಿಕ್ಕ ಬೆಲ್ಲ.

2022ರ ಅಕ್ಟೋಬರ್‌ನಲ್ಲಿ ಇಲಾನ್ ಮಸ್ಕ್ ಟ್ವಿಟರ್ ಕೊಂಡರು. ಮಾಸ್ಟೊಡಾನ್‌ನ ತಿಂಗಳ ಸಕ್ರಿಯ ಬಳಕೆದಾರರು ಸುಮಾರು 3 ಲಕ್ಷ ಇದ್ದದ್ದು ನವೆಂಬರ್ ಹೊತ್ತಿಗೆ 25 ಲಕ್ಷ. ಆಗ ನಾನು ಹಳಬ! ಹೊಸಬರೊಬ್ಬರು ವಿವರಣೆ ಬರೆಯದೆ ತಮ್ಮ ತೋಟದ ಫೋಟೋ ಹಾಕಿದ್ದರು. "ಮೊದಲು ಇಲ್ಲಿನ ನಿಯಮ ಓದಿ" ಅಂದೆ. ಅವರು ಮತ್ತೆ ಬರೆಯಲೇ ಇಲ್ಲ.

ನಿಯಮ ಒಳ್ಳೆಯದೇ, ಕಣ್ಣು ಕಾಣದವರಿಗೆ ಆ ವಿವರಣೆಯೇ ಫೋಟೋ. ಆದ್ರೆ ನಾನು ಅದನ್ನ ಹೇಳಲಿಲ್ಲ, ಗದರಿದೆ ಅಷ್ಟೇ. ಬಿಇ ಮೊದಲ ವರ್ಷ ಲ್ಯಾಬಿನಲ್ಲಿ ಕಂಪ್ಯೂಟರ್ ಆಫ್ ಮಾಡೋದು ಹೇಗೆ ಅಂತ ಕೇಳಿದಾಗ "ಇಷ್ಟೂ ಗೊತ್ತಿಲ್ವಾ?" ಅಂತ ನಕ್ಕಿದ್ದರಲ್ಲ, ಅದೇ ದನಿ ಈಗ ನನ್ನದಾಗಿತ್ತು.

2023ರ ಮೇ ತಿಂಗಳಲ್ಲಿ ಮಾಸ್ಟೊಡಾನ್ ಸೇರುವ ದಾರಿ ಸಲೀಸು ಮಾಡಿತು. ಸರ್ವರ್ ಆರಿಸಲು ಒದ್ದಾಡೋರಿಗೆ ಒಂದನ್ನು ಅದೇ ಮುಂದಿಟ್ಟಿತು. ಬಾಗಿಲು ಅಗಲ ಮಾಡೋ ಕೆಲಸ ಕೋಡ್ ಮಾಡುತ್ತೆ. ಒಳಗೆ ಬಂದವರನ್ನು ಮಾತಾಡಿಸೋಕೆ ಮಾತ್ರ ಮನುಷ್ಯರೇ ಬೇಕು. ಯಜಮಾನನಿಲ್ಲದ ಮನೆಯಲ್ಲಿ ಮೊದಲೇ ಬಂದು ಕೂತವರೇ ಮನೆಯವರು.

ಈಗ ವಿವರಣೆ ಇಲ್ಲದ ಫೋಟೋ ಕಂಡರೆ, ಮೊದಲು ಫೋಟೋ ಬಗ್ಗೆ ಒಂದು ಮಾತು ಆಡ್ತೀನಿ. ವಿವರಣೆ ನಾನೇ ಬರೆದುಕೊಟ್ಟು, ಯಾಕೆ ಬೇಕು ಅಂತ ಆಮೇಲೆ ಹೇಳ್ತೀನಿ.