ಓಡಲೇಬೇಕೆಂಬ ಪಟ್ಟು

1763ರ ಚಳಿಗಾಲದ ಹೊತ್ತಿಗೆ ಗ್ಲಾಸ್ಗೋ ವಿಶ್ವವಿದ್ಯಾಲಯದವರು ಪಾಠಕ್ಕೆಂದು ಇಟ್ಟುಕೊಂಡಿದ್ದ ನ್ಯೂಕೋಮೆನ್ ಎಂಜಿನ್ನಿನ ಮಾದರಿಯೊಂದು ಜೇಮ್ಸ್ ವಾಟ್‌ನ ಕೈಗೆ ರಿಪೇರಿಗೆ ಬಂತು. ಅದಕ್ಕೂ ಮೊದಲು ಲಂಡನ್ನಿನ ಉಪಕರಣ ತಯಾರಕನೊಬ್ಬನ ಬಳಿಗೆ ಹೋಗಿ, ಸರಿಯಾಗದೆ ಮರಳಿತ್ತು. ಸಿಲಿಂಡರಿನ ಅಡ್ಡಳತೆ ಎರಡು ಇಂಚು, ಪಿಸ್ಟನ್ನಿನ ಓಟ ಆರು ಇಂಚು. ಗಣಿಯ ನೀರೆತ್ತುವ ದೊಡ್ಡ ಎಂಜಿನ್ನಿನ ಮುಖ್ಯ ಭಾಗಗಳೆಲ್ಲ ಅದರಲ್ಲಿದ್ದವು. ವಾಟ್ ರಿಪೇರಿ ಮಾಡಿದ ಮೇಲೂ ಅದು ನಾಲ್ಕಾರು ಬಾರಿ ಏರಿಳಿದು, ಹಬೆ ಸಾಲದೆ ನಿಂತುಬಿಡುತ್ತಿತ್ತು. ಕಾರಣ ಲೆಕ್ಕದಲ್ಲೇ ಇದೆ. ಯಂತ್ರದ ಅಳತೆಯನ್ನು ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಸಿದರೆ ಅದರ ಮೇಲ್ಮೈ 144ರಲ್ಲಿ ಒಂದು ಪಾಲಾಗುತ್ತದೆ, ಒಳಗೆ ಹಿಡಿಯುವ ಹಬೆ 1728ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ದೊಡ್ಡದಕ್ಕೆ ಹೋಲಿಸಿದರೆ ಮಾದರಿಯೊಳಗಿನ ಪ್ರತಿ ಗುಟುಕು ಹಬೆಗೂ ಹನ್ನೆರಡು ಪಟ್ಟು ತಣ್ಣನೆಯ ಲೋಹ ತಾಗುತ್ತದೆ. ದೊಡ್ಡ ಎಂಜಿನ್ನಿನಲ್ಲೂ ನಡೆಯುತ್ತಿದ್ದ, ಯಾರೂ ತಲೆಕೆಡಿಸಿಕೊಳ್ಳದಿದ್ದ ಶಾಖದ ಪೋಲನ್ನು ಚಿಕ್ಕದು ಎತ್ತಿ ತೋರಿಸಿತು. ಸಿಲಿಂಡರನ್ನು ಬಿಸಿಯಾಗಿಯೇ ಉಳಿಸಿ ಹಬೆಯನ್ನು ಬೇರೆ ಪಾತ್ರೆಯಲ್ಲಿ ತಣಿಸುವ, 1765ರಲ್ಲಿ ವಾಟ್‌ಗೆ ಹೊಳೆದ ಪ್ರತ್ಯೇಕ ಕಂಡೆನ್ಸರಿನ ಬೇರು ಈ ಸೋಲಿನಲ್ಲಿದೆ. ಆ ಮಾದರಿ ತೋರಿಕೆಯ ವಸ್ತುವಾಗಿ ಕಪಾಟಿನಲ್ಲೇ ಉಳಿದಿದ್ದರೆ ಅದು ಯಾರಿಗೂ ಏನನ್ನೂ ಹೇಳುತ್ತಿರಲಿಲ್ಲ. ಓಡಬೇಕು ಎಂದು ಕೇಳಿದ್ದರಿಂದ ಅದು ಬಾಯಿಬಿಟ್ಟಿತು. ಮನೆಯ ಶೆಡ್ಡಿನಲ್ಲಿ ಎಂಜಿನ್ ಮಾದರಿ ಕಟ್ಟುವ ಬ್ರಿಟಿಷ್ ಹವ್ಯಾಸದ ನೂರಿಪ್ಪತ್ತೈದು ವರ್ಷಗಳ ಕಥೆಯನ್ನು ನಾನು ಈ ಒಂದು ಪಟ್ಟಿನ ಕಥೆಯಾಗಿಯೇ ಓದುತ್ತೇನೆ. ಓಡಲೇಬೇಕೆಂಬ ಹಟವೇ ನಕಲು ಮಾಡುವ ಕೆಲಸವನ್ನು ವಿದ್ಯೆಯಾಗಿಸಿತು, ಆ ವಿದ್ಯೆಯನ್ನು ಕಾಗದಕ್ಕೆ ಇಳಿಸಿತು.

ಮನೆಯಲ್ಲಿ ಲೇತ್ ಇಟ್ಟುಕೊಳ್ಳುವುದು ಬಹುಕಾಲ ಸಿರಿವಂತರ ಶೋಕಿಯಾಗಿತ್ತು. ಸ್ಟ್ರಾಸ್‌ಬರ್ಗಿನಿಂದ ಲಂಡನ್ನಿಗೆ ಬಂದ ಹೋಲ್ಟ್ಸಾಫೆಲ್ ಹದಿನೆಂಟನೇ ಶತಮಾನದ ಕೊನೆಯಿಂದ ಅಂಥವರಿಗೆಂದೇ ಲೇತ್‌ಗಳನ್ನು ಮಾಡಿ ಮಾರಿದ. ಅವುಗಳ ಮೇಲೆ ಹುಟ್ಟುತ್ತಿದ್ದುದು ದಂತದ, ಗಟ್ಟಿಮರದ ಕುಸುರಿ ಡಬ್ಬಿಗಳು. ಕಾರ್ಖಾನೆಯ ಟರ್ನರ್ ಬಲ್ಲ ಕಸುಬಿಗೆ ದಾರಿ ಬೇರೆ ಇತ್ತು: ವರ್ಷಗಟ್ಟಲೆ ಉಮೇದುವಾರಿ ಮಾಡಿ, ಮೇಸ್ತ್ರಿಯ ಕೈನೋಡಿ ಕಲಿಯಬೇಕು. ಈ ಎರಡರ ನಡುವಿದ್ದ ಗುಮಾಸ್ತ, ಶಾಲಾ ಮೇಷ್ಟ್ರು, ಅಂಗಡಿಯವನಿಗೆ ಪ್ರವೇಶವೇ ಇರಲಿಲ್ಲ. 1850ರ ಫ್ಯಾಕ್ಟರಿ ಕಾಯ್ದೆ ಜವಳಿ ಗಿರಣಿಗಳ ಹೆಂಗಸರಿಗೂ ಎಳೆಯರಿಗೂ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಬಿಡುವು ಕೊಟ್ಟಿತು. ಮುಂದಿನ ದಶಕಗಳಲ್ಲಿ ಆ ಅರ್ಧ ದಿನ ಉಳಿದ ಕಸುಬುಗಳಿಗೂ ಹಬ್ಬಿತು. ಸಮಯ ಸಿಕ್ಕವರಿಗೆ ಸಾಮಾನು ಬೇಕಿತ್ತು, ಹೇಳಿಕೊಡುವವರು ಬೇಕಿತ್ತು. 1898ರ ಜನವರಿಯಲ್ಲಿ ಪರ್ಸಿವಲ್ ಮಾರ್ಷಲ್ ‘ದಿ ಮಾಡೆಲ್ ಎಂಜಿನಿಯರ್ ಅಂಡ್ ಅಮೆಚೂರ್ ಎಲೆಕ್ಟ್ರಿಷಿಯನ್’ ಪತ್ರಿಕೆ ತೆಗೆದ. ಅದೇ ವರ್ಷ ಲಂಡನ್ನಿನಲ್ಲಿ ಮಾದರಿಕಾರರ ಸಂಘವೂ ಹುಟ್ಟಿತು. ಹೆನ್ಲಿ ಹತ್ತಿರದ ಶಿಪ್‌ಲೇಕ್‌ನಲ್ಲಿ ಸ್ಟುವರ್ಟ್ ಟರ್ನರ್ ತಾನು ಬಿಡುವಿನಲ್ಲಿ ಮಾಡಿದ ಎಂಜಿನ್ನಿನ ಎರಕದ ಭಾಗಗಳನ್ನು ನಕ್ಷೆಯ ಜೊತೆಗೆ ಮಾರತೊಡಗಿದ. ಮುಕ್ಕಾಲು ಇಂಚಿನ ಸಿಲಿಂಡರಿನ ಅವನ ‘10ವಿ’ ಇಂದಿಗೂ ಹೊಸಬರ ಮೊದಲ ಪಾಠ. ಗಿಲ್ಡ್‌ಫೋರ್ಡಿನ ಡ್ರಮಂಡ್ ಸೋದರರು ಒಂದೇ ದುಂಡು ಕಂಬಿಯನ್ನು ಹಾಸಾಗಿಸಿ, ಕಾಲಲ್ಲಿ ತುಳಿದು ನಡೆಸುವ ಅಗ್ಗದ ಲೇತ್ ಮಾಡಿದರು. ಹಾಗೆ ಹತ್ತು ಹನ್ನೆರಡು ವರ್ಷಗಳೊಳಗೆ ಓದು, ಎರಕ, ಲೇತ್ ಮೂರೂ ಸಾಮಾನ್ಯನ ಕೈಗೆಟುಕಿದವು.

ಕೈಗೆಟುಕಿದ್ದನ್ನು ಹೇಗೆ ಬಳಸಬೇಕೆಂಬ ಪ್ರಶ್ನೆ ಬಂದದ್ದು ಆಮೇಲೆ, ಬಂದದ್ದು ಜಗಳದ ರೂಪದಲ್ಲಿ. ಎರಡೂವರೆ ಇಂಚು ಅಗಲದ ಹಳಿಯ ಪುಟ್ಟ ರೈಲು ಎಂಜಿನ್‌ಗಳನ್ನು ಆಗ ಬಹುಮಟ್ಟಿಗೆ ಸ್ಪಿರಿಟ್ ದೀಪದಿಂದ ಕಾಯಿಸುತ್ತಿದ್ದರು. ಹೊರಗೊಂದು ಕವಚ, ಒಳಗೊಂದು ನೀರಿನ ಪೀಪಾಯಿ, ಅದರ ಹೊಟ್ಟೆಯಡಿ ಬಾಗಿದ ಕೊಳವೆಗಳು. ಸ್ಮಿಥೀಸ್ ಬಾಯ್ಲರ್ ಎಂದು ಅದರ ಹೆಸರು. ನಾರ್ತಾಂಪ್ಟನ್ನಿನ ಬ್ಯಾಸೆಟ್-ಲೋಕ್ ಕಂಪನಿಗೆ ಎಂಜಿನ್‌ಗಳನ್ನು ರೂಪಿಸುತ್ತಿದ್ದ ಹೆನ್ರಿ ಗ್ರೀನ್ಲಿಯಂಥ ಅನುಭವಿಗಳೇ ಅದರ ಪರ. ಆಗ ‘ಎಲ್‌ಬಿಎಸ್‌ಸಿ’ ಎಂಬ ಅಂಕಿತನಾಮದವನೊಬ್ಬ ಪತ್ರಿಕೆಯಲ್ಲಿ ಎದ್ದುನಿಂತ. ಅದು ಒಂದು ರೈಲು ಕಂಪನಿಯ ಹೆಸರಿನ ಮೊದಲಕ್ಷರಗಳ ಗುಚ್ಛ. ಕರ್ಲಿ ಲಾರೆನ್ಸ್ ಅದನ್ನು ತನ್ನದಾಗಿಸಿಕೊಂಡಿದ್ದ. ಇಷ್ಟು ಚಿಕ್ಕ ಅಳತೆಯಲ್ಲೂ ನಿಜವಾದ ರೈಲಿನಂತೆ ಕಲ್ಲಿದ್ದಲ ಬೆಂಕಿ ಹಾಕಿ, ಆ ಬೆಂಕಿಯ ಬಿಸಿಯನ್ನು ನೀರಿನ ನಡುವಿನ ಕೊಳವೆಗಳಲ್ಲಿ ಹಾಯಿಸಬಹುದು, ಹಾಗೆ ಮಾಡಿದರೆ ಎಂಜಿನ್ ದೊಡ್ಡ ಆಳನ್ನೇ ಎಳೆದೀತು ಎಂಬುದು ಅವನ ವಾದ. 1922ರಿಂದ 1924ರವರೆಗೆ ನಡೆದ ಈ ವಾಗ್ವಾದಕ್ಕೆ ‘ಬಾಯ್ಲರ್‌ಗಳ ಯುದ್ಧ’ ಎಂದೇ ಹೆಸರಾಯಿತು. ಇಂಥ ಜಗಳ ಮಾತಿನಲ್ಲಿ ತೀರುವಂಥದ್ದಲ್ಲ. ಅವನ ‘ಆಯೆಷಾ’ ಎಂಬ ಎಂಜಿನ್ ಹಳಿಯ ಮೇಲೆ ಮನುಷ್ಯರನ್ನು ಕೂರಿಸಿಕೊಂಡು ಎಳೆಯಿತು. ಮುಂದಿನ ಪೀಳಿಗೆಯವರು ಕಲ್ಲಿದ್ದಲನ್ನೇ ಹಿಡಿದರು.

ಈ ಗೆಲುವು ನಿಖರ ನಕಲಿನ ಗೆಲುವು ಎಂದುಕೊಂಡರೆ ತಪ್ಪಾಗುತ್ತದೆ. ದೊಡ್ಡ ಎಂಜಿನ್ನಿನ ಎರಡು ಇಂಚಿನ ಹೊಗೆಗೊಳವೆಯನ್ನು ಹದಿನಾರರಲ್ಲಿ ಒಂದು ಪಾಲಿಗೆ ಇಳಿಸಿದರೆ ಉಳಿಯುವುದು ಅರೆಪಾವು ಇಂಚು. ಕೊಳವೆ ಕುಗ್ಗಿತೆಂದು ಮಸಿಯ ಕಣ ಕುಗ್ಗುವುದಿಲ್ಲ, ಅದು ಬೇಗ ಕಟ್ಟಿಕೊಳ್ಳುತ್ತದೆ. ಹಾಗಾಗಿ ಕೊಳವೆಗಳ ಸಂಖ್ಯೆ ಇಳಿಸಿ, ಒಂದೊಂದರ ಬಾಯಿ ಹಿರಿದಾಗಿಸಬೇಕು. ನೀರಿನ ಮಟ್ಟ ತೋರುವ ಗಾಜಿನ ನಳಿಕೆಯನ್ನು ಅಳತೆಗೆ ಸರಿಯಾಗಿ ಸಣ್ಣದಾಗಿಸಿದರೆ ನೀರು ಗಾಜಿಗೆ ಅಂಟಿಕೊಂಡು ಸುಳ್ಳು ಹೇಳುತ್ತದೆ. ಬಾಯ್ಲರ್ ಬರಿದಾಗುತ್ತಿದ್ದರೂ ತುಂಬಿದಂತೆ ಕಂಡೀತು. ಆದ್ದರಿಂದ ಅದೂ ಅಳತೆ ಮೀರಿ ದಪ್ಪವಾಗಿರಬೇಕು. ಉಕ್ಕಿನ ಬದಲು ಬೇಗ ತುಕ್ಕು ಹಿಡಿಯದ ತಾಮ್ರದ ತಗಡು, ಅದಕ್ಕೆ ಬೆಳ್ಳಿ ಬೆಸುಗೆ. ಹೊರಗಿನಿಂದ ರೈಲು ಎಂಜಿನ್ನಿನ ಪಡಿಯಚ್ಚು, ಒಳಗೆ ಬೇರೆಯೇ ಯಂತ್ರ. ಛಾಯಾಚಿತ್ರಕ್ಕೆ ನಿಷ್ಠೆಯೋ ಭೌತವಿಜ್ಞಾನಕ್ಕೆ ನಿಷ್ಠೆಯೋ ಎಂಬ ಆಯ್ಕೆ ಬಂದಾಗಲೆಲ್ಲ ಓಡಿಸುವವರು ಎರಡನೆಯದನ್ನೇ ಆರಿಸಿಕೊಂಡರು. ಅಲ್ಲಿಗೆ ಮಾದರಿ ತನ್ನದೇ ನಿಯಮಗಳಿರುವ ಸ್ವತಂತ್ರ ಯಂತ್ರವಾಯಿತು.

ಇದೆಲ್ಲ ಮುಗಿದುಹೋದ ಹಬೆಯುಗದ ಹಂಬಲ ಎನ್ನುವವರಿದ್ದಾರೆ. ಇಂದಿನ ಹಲವರ ಮಟ್ಟಿಗೆ ಆ ಮಾತು ನಿಜವೂ ಹೌದು. ಆದರೆ 1898ರಲ್ಲಿ ಹಬೆ ಎಂಜಿನ್ ಮುದಿಯಾಗಿರಲಿಲ್ಲ, ಲೋಕವನ್ನೇ ಎಳೆಯುತ್ತಿತ್ತು. ಮಾರ್ಷಲ್‌ನ ಪತ್ರಿಕೆಯ ಹೆಸರಿನಲ್ಲಿದ್ದ ‘ಎಲೆಕ್ಟ್ರಿಷಿಯನ್’ ಅಂದಿನ ಹೊಚ್ಚಹೊಸ ವಿದ್ಯೆ. ಪೆಟ್ರೋಲ್ ಎಂಜಿನ್ ಬಂದಾಗಲೂ ಈ ಜನ ಅದನ್ನೂ ಬಿಡಲಿಲ್ಲ. ಎಡ್ಗರ್ ವೆಸ್ಟ್‌ಬರಿ ರೂಪಿಸಿದ ‘ಸೀಲ್’ ಎಂಬ ನಾಲ್ಕು ಸಿಲಿಂಡರಿನ ಎಂಜಿನ್ನಿನ ಒಟ್ಟು ಗಾತ್ರ 15 ಸಿಸಿ. ಇನ್ನೊಂದು ಆಕ್ಷೇಪ ಹಣದ್ದು. ಲೇತ್ ಎಷ್ಟೇ ಅಗ್ಗವಾದರೂ ದಿನಗೂಲಿಯವನಿಗೆ ದೂರವೇ. ಹೆಂಗಸರಿಗೆ ಶೆಡ್ಡಿನ ಬಾಗಿಲು ಇನ್ನೂ ದೂರ. ಇದನ್ನು ಒಪ್ಪದೆ ಉಪಾಯವಿಲ್ಲ. 1946ರಲ್ಲಿ ನಾಟಿಂಗ್‌ಹ್ಯಾಮ್ ಬಳಿಯ ಮೈಫರ್ಡ್ ಕಂಪನಿಯ ‘ಎಂಎಲ್7’ ಲೇತ್ ಬಂದಾಗಲೂ ಕೊಂಡವರು ಮಧ್ಯಮ ವರ್ಗದವರು, ಕುಶಲ ಕೆಲಸಗಾರರು. ಹಾಗೆಂದು ಇದನ್ನು ಹೋಲ್ಟ್ಸಾಫೆಲ್ ಕಾಲದ ಶೋಕಿಯ ಮುಂದುವರಿಕೆ ಎನ್ನಲಾಗದು, ಬಾಗಿಲು ಆ ಕಾಲಕ್ಕಿಂತ ಎಷ್ಟೋ ಅಗಲವಾಗಿ ತೆರೆದಿತ್ತು.

ಗಂಭೀರವಾದ ಆಕ್ಷೇಪ ಮೂರನೆಯದು: ಇವರು ಕಂಡುಹಿಡಿದದ್ದಾದರೂ ಏನು? ವಾಟ್‌ನನ್ನು ಇವರ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ. ಅವನು ಉಪಕರಣ ತಯಾರಿಕೆಯನ್ನೇ ಕಸುಬಾಗಿಸಿಕೊಂಡಿದ್ದವನು, ಮಾದರಿಯೂ ಅವನದಲ್ಲ. ಶೆಡ್ಡುಗಳಿಂದ ಇನ್ನೊಂದು ಕಂಡೆನ್ಸರ್ ಹುಟ್ಟಲಿಲ್ಲ ಎಂಬುದು ಸರಿ. ನನ್ನ ದೃಷ್ಟಿಯಲ್ಲಿ ಈ ಅಳತೆಗೋಲೇ ಇಲ್ಲಿಗೆ ಸಲ್ಲದು. ಒರಟು ಎರಕವನ್ನು ಲೇತ್‌ನ ಫೇಸ್‌ಪ್ಲೇಟಿಗೆ ಹೇಗೆ ಬಿಗಿಯಬೇಕು, ಯಾವ ಮೈಯನ್ನು ಮೊದಲು ಕೆತ್ತಬೇಕು, ಸಿಲಿಂಡರ್ ಕೊರೆದ ಅದೇ ಹಿಡಿತದಲ್ಲೇ ತುದಿಯನ್ನೂ ಯಾಕೆ ಸಮಮಾಡಿಕೊಳ್ಳಬೇಕು ಎಂಬ ಮಾತುಗಳನ್ನು ಕಾರ್ಖಾನೆಯ ಮೇಸ್ತ್ರಿ ಬಾಯಿಬಿಟ್ಟು ಹೇಳುತ್ತಿದ್ದುದು ಅಪರೂಪ, ಬರೆದಿಡುವುದು ಇನ್ನೂ ಅಪರೂಪ. ಎಲ್‌ಬಿಎಸ್‌ಸಿ ದಶಕಗಳ ಕಾಲ ಬರೆದದ್ದು ಇದನ್ನೇ. ಎರಡನೇ ಮಹಾಯುದ್ಧದ ನಂತರ ಅವನು ಕಂತುಗಳಲ್ಲಿ ವಿವರಿಸಿದ ‘ಟಿಚ್’ ಎಂಬ ನಾಲ್ಕು ಗಾಲಿಯ ಪುಟ್ಟ ಎಂಜಿನ್ ಎಂದೂ ಲೇತ್ ಮುಟ್ಟದವನನ್ನೂ ಓದುಗನೆಂದು ಎಣಿಸಿತು. ಅವನ ಧಾಟಿ ಕೆಲವೊಮ್ಮೆ ಹರಟೆಯಾಗುತ್ತದೆ, ಎದುರಾಳಿಗಳನ್ನು ಚುಚ್ಚುವ ಚಟವೂ ಇತ್ತು. ಆದರೆ ಎಂಜಿನ್ ಓಡದಿದ್ದರೆ ಓದುಗ ಬಿಡುವುದಿಲ್ಲ ಎಂಬ ಅರಿವು ಅವನ ಗದ್ಯವನ್ನು ಒಂದು ಹೆಜ್ಜೆಯೂ ಜಿಗಿಯಲು ಬಿಡಲಿಲ್ಲ.

ಕಂಪ್ಯೂಟರ್ ಹೇಳಿದಂತೆ ಲೋಹ ಕೆತ್ತುವ ಯಂತ್ರ ಮನೆಗೇ ಬಂದಿರುವಾಗ ಈ ಕೈವಿದ್ಯೆಗೆ ಬೆಲೆ ಎಲ್ಲಿ ಎಂದು ಈಗ ಕೇಳುವುದುಂಟು. ಕೆತ್ತನೆ ಸುಲಭವಾಗಿರಬಹುದು, ಅಳತೆ ಇಳಿದಾಗ ಶಾಖ, ಮಸಿ, ನೀರಿನ ಅಂಟು ಹೇಗೆ ವರ್ತಿಸುತ್ತವೆ ಎಂಬ ಪ್ರಶ್ನೆ ಅಲ್ಲೇ ಇದೆ. ಈ ಕೈವಿದ್ಯೆಯ ಒಂದು ಉತ್ತಮ ಬಳಕೆಯನ್ನು ಚೆರಿ ಹಿಲ್ ತೋರಿಸಿಕೊಟ್ಟರು. ಶೆಡ್ಡಿನ ಬಾಗಿಲು ಹೆಂಗಸರಿಗೆ ದೂರವಿದ್ದ ಈ ಲೋಕದಲ್ಲಿ ಮಾದರಿಕಾರರಿಗೆ ಕೊಡುವ ಡ್ಯೂಕ್ ಆಫ್ ಎಡಿನ್‌ಬರೋ ಪಾರಿತೋಷಕವನ್ನು ಒಂಬತ್ತು ಬಾರಿ ಗೆದ್ದವರು ಅವರು. ಹೆಸರಾದ ಎಂಜಿನ್‌ಗಳನ್ನು ಬಿಟ್ಟು, ಹತ್ತೊಂಬತ್ತನೇ ಶತಮಾನದ ವಿಚಿತ್ರ ಬೇಸಾಯದ ಎಂಜಿನ್‌ಗಳನ್ನು ಹುಡುಕಿ, ಹಳೆಯ ನಕ್ಷೆಗಳನ್ನು ಓದಿ, ಹದಿನಾರರಲ್ಲಿ ಒಂದು ಪಾಲಿನ ಅಳತೆಯಲ್ಲಿ ಕಟ್ಟಿದರು. ಅಂಥ ನಕ್ಷೆಯೊಂದು ಕಾಗದದ ಮೇಲೆ ಎಷ್ಟೇ ಸೊಗಸಾಗಿರಲಿ, ಅದರ ಸನ್ನೆಕೋಲುಗಳು ಒಂದಕ್ಕೊಂದು ತಾಗದೆ ತಿರುಗುತ್ತವೆಯೇ, ಚಾಲಕ ತಿರುಗಿಸಿದ ಕಡೆಗೆ ಗಾಲಿ ಹೊರಳುತ್ತದೆಯೇ ಎಂಬುದನ್ನು ದಾಖಲೆಗಳಷ್ಟರಿಂದಲೇ ಇತಿಹಾಸಕಾರ ಹೇಳಲಾರ. ಅದನ್ನು ಲೋಹದಲ್ಲಿ ಕಟ್ಟಿ, ತಿರುಗಿಸಿಯೇ ನೋಡಬೇಕು.