ಹಡಗು ಹೋಯಿತು, ಎಣ್ಣೆ ಉಳಿಯಿತು

2012ರ ಬೇಸಿಗೆಯಲ್ಲಿ ಒಂದು ಮುದಿ ಹಡಗು ಗುಜರಾತಿನ ಆಲಂಗ್ ಕಡಲತೀರಕ್ಕೆ ಬರಲು ಅನುಮತಿ ಕೇಳಿತು. ಹಳೆಯ ಹಡಗುಗಳನ್ನು ಒಡೆದು ಗುಜರಿಗೆ ಹಾಕುವ ಜಾಗ ಅದು. ಹಡಗಿನ ಹೆಸರು ‘ಓರಿಯೆಂಟಲ್ ನೈಸಿಟಿ’. ಆದರೆ ಅದರ ಮೊದಲ ಹೆಸರು ಯಾವುದೆಂದು ಗೊತ್ತಾದ ಕೂಡಲೇ ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಮೊದಲು ತಡೆ ನೀಡಿದ ನ್ಯಾಯಾಲಯ, ತಪಾಸಣೆಯ ಬಳಿಕ ಜುಲೈ 30ರಂದು ಒಪ್ಪಿಗೆ ಕೊಟ್ಟಿತು. ಹಲವು ಸಲ ಹೆಸರು ಬದಲಿಸಿಕೊಂಡು, ಕೊನೆಗಾಲದಲ್ಲಿ ಅದಿರು ಹೊತ್ತು ತಿರುಗುತ್ತಿದ್ದ ಆ ಹಡಗು 1989ರಲ್ಲಿ ‘ಎಕ್ಸಾನ್ ವಾಲ್ಡೀಜ್’ ಎಂಬ ತೈಲ ಟ್ಯಾಂಕರ್ ಆಗಿತ್ತು. ಆಲಂಗ್‌ನಲ್ಲಿ ಅದು ಚೂರಾಯಿತು. 23 ವರ್ಷಗಳ ಹಿಂದೆ ಅದರ ಒಡಲಿನಿಂದ ಸುರಿದಿದ್ದ ಎಣ್ಣೆಯಲ್ಲಿ ಒಂದಿಷ್ಟು ಮಾತ್ರ ಆಗಲೂ ಸಾವಿರಾರು ಮೈಲಿ ದೂರದ ಅಲಾಸ್ಕಾದ ಕಡಲತಡಿಯಲ್ಲಿ, ಕಲ್ಲುಗಳ ಕೆಳಗೆ, ವಾಸನೆ ಸಮೇತ ಹಾಗೆಯೇ ಇತ್ತು.

ಬಿಸಿಲಿಗೂ ಅಲೆಗೂ ಸಿಕ್ಕ ಎಣ್ಣೆ ಕಾಲಕ್ರಮದಲ್ಲಿ ಕರಗಿ ಹೋಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಆ ‘ಕಾಲಕ್ರಮ’ ಎಷ್ಟು ಉದ್ದ ಎಂಬುದನ್ನು ಜಗತ್ತು ತಿಳಿದದ್ದು ಅಲಾಸ್ಕಾದ ತಣ್ಣೀರಿನಲ್ಲಿ.

ಅಮೆರಿಕದ ಅಲಾಸ್ಕಾ ರಾಜ್ಯದ ದಕ್ಷಿಣ ತೀರದಲ್ಲಿರುವ ಪ್ರಿನ್ಸ್ ವಿಲಿಯಂ ಸೌಂಡ್ ಎಂಬುದು ದ್ವೀಪಗಳು, ಕಿರಿದಾದ ಕೊಲ್ಲಿಗಳು, ನೇರವಾಗಿ ಕಡಲಿಗಿಳಿಯುವ ಹಿಮನದಿಗಳು ಸೇರಿದ ಒಳಗಡಲು. 1778ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ಇಲ್ಲಿಗೆ ಬಂದಾಗ ಅವನ ಹಡಗಿನಲ್ಲಿ ವಿಲಿಯಂ ಬ್ಲೈ ಎಂಬ ತರುಣ ಅಧಿಕಾರಿಯಿದ್ದ. ಮುಂದೆ 1789ರಲ್ಲಿ ‘ಬೌಂಟಿ’ ಹಡಗಿನ ನಾವಿಕರ ದಂಗೆಯಿಂದ ಜಗತ್ಪ್ರಸಿದ್ಧನಾದ ಬ್ಲೈ ಇವನೇ. ಇಲ್ಲಿನ ಒಂದು ದ್ವೀಪಕ್ಕೂ ಅದರ ಸಮೀಪದ ನೀರಡಿಯ ಬಂಡೆಸಾಲಿಗೂ ಅವನ ಹೆಸರೇ ಉಳಿದಿದೆ. ದಂಗೆ ನಡೆದು ಸರಿಯಾಗಿ ಇನ್ನೂರು ವರ್ಷಕ್ಕೆ ಆ ಬಂಡೆಯ ಹೆಸರು ಮತ್ತೊಮ್ಮೆ ಪತ್ರಿಕೆಗಳ ಮುಖಪುಟಕ್ಕೆ ಬಂತು.

ಇಷ್ಟು ಒಳಗಿನ ನೀರಿಗೆ ತೈಲ ಬಂದದ್ದಾದರೂ ಹೇಗೆ? 1968ರಲ್ಲಿ ಅಲಾಸ್ಕಾದ ಉತ್ತರ ತುದಿಯ ಪ್ರುಡೋ ಬೇ ಎಂಬಲ್ಲಿ ಭಾರೀ ತೈಲ ನಿಕ್ಷೇಪ ಸಿಕ್ಕಿತು. ಅಲ್ಲಿನ ಕಡಲು ವರ್ಷದ ಬಹುಪಾಲು ಹೆಪ್ಪುಗಟ್ಟಿರುವುದರಿಂದ ಹಡಗು ಹೋಗುವಂತಿಲ್ಲ. ಆದ್ದರಿಂದ ಸುಮಾರು 1,300 ಕಿಲೋಮೀಟರ್ ಉದ್ದದ ಕೊಳವೆ ಹಾಕಿ, ಚಳಿಗಾಲದಲ್ಲೂ ಹೆಪ್ಪುಗಟ್ಟದ ದಕ್ಷಿಣದ ವಾಲ್ಡೀಜ್ ಬಂದರಿಗೆ ತೈಲ ತರುವುದೆಂದು ತೀರ್ಮಾನವಾಯಿತು. ಸೌಂಡ್‌ನ ಕಾರ್ಡೋವಾ ಊರಿನ ಮೀನುಗಾರರು ಇದನ್ನು ವಿರೋಧಿಸಿ ಎಪ್ಪತ್ತರ ದಶಕದ ಆರಂಭದಲ್ಲೇ ನ್ಯಾಯಾಲಯಕ್ಕೆ ಹೋಗಿದ್ದರು. 1973ರಲ್ಲಿ ಅಮೆರಿಕದ ಸಂಸತ್ತು ಕಾಯ್ದೆ ಮಾಡಿ ದಾರಿ ತೆರೆಯಿತು. 1977ರಲ್ಲಿ ತೈಲ ಹರಿಯಿತು. ಮುಂದಿನ ಹನ್ನೆರಡು ವರ್ಷ ಸಾವಿರಾರು ಟ್ಯಾಂಕರ್‌ಗಳು ಬಂದು ಹೋದವು. ದೊಡ್ಡದೇನೂ ಆಗಲಿಲ್ಲ. ಮೈಮರೆಯಲು ಅಷ್ಟು ಸಾಕಾಯಿತು.

1989ರ ಮಾರ್ಚ್ 23ರ ರಾತ್ರಿ ಒಂಬತ್ತರ ಹೊತ್ತಿಗೆ ಎಕ್ಸಾನ್ ವಾಲ್ಡೀಜ್ ಬಂದರು ಬಿಟ್ಟಿತು. ಸುಮಾರು 300 ಮೀಟರ್ ಉದ್ದದ ಹಡಗು. ಕೊಲಂಬಿಯಾ ಹಿಮನದಿಯಿಂದ ಕಳಚಿ ತೇಲಿಬಂದ ಮಂಜುಗಡ್ಡೆಗಳನ್ನು ತಪ್ಪಿಸಲು ಅದು ಗೊತ್ತಾದ ಹಾದಿಯಿಂದ ಪಕ್ಕಕ್ಕೆ ಸರಿಯಿತು. ಯಾವಾಗ ಹಿಂದಿರುಗಿ ತಿರುಗಿಸಬೇಕೆಂದು ಕಿರಿಯ ಅಧಿಕಾರಿಗೆ ಹೇಳಿ ಕಪ್ತಾನ ಜೋಸೆಫ್ ಹೇಜಲ್‌ವುಡ್ ಕೆಳಗಿಳಿದು ಹೋದ. ಹಡಗು ಸಕಾಲಕ್ಕೆ ತಿರುಗಲಿಲ್ಲ. ಮಧ್ಯರಾತ್ರಿ ಕಳೆದು ನಾಲ್ಕು ನಿಮಿಷಕ್ಕೆ ಬ್ಲೈ ಬಂಡೆಯ ಮೇಲೇರಿ ಕೂತಿತು. 11 ಸರಕು ಟ್ಯಾಂಕುಗಳ ಪೈಕಿ 8 ಸೀಳಿದವು. ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಹೊರಬಂತು. ಅದು ಹಡಗಿನಲ್ಲಿದ್ದುದರ ಐದನೇ ಒಂದು ಪಾಲು ಮಾತ್ರ. ಕುಡಿದು ಹಡಗು ನಡೆಸಿದನೆಂಬ ಆರೋಪದಿಂದ ಕಪ್ತಾನನನ್ನು ಜ್ಯೂರಿ ಬಿಡುಗಡೆ ಮಾಡಿತು. ನಿರ್ಲಕ್ಷ್ಯದಿಂದ ತೈಲ ಚೆಲ್ಲಿದ ತಪ್ಪಿಗೆ ಶಿಕ್ಷೆಯಾಯಿತು.

ಮೊದಲ ಮೂರು ದಿನ ಕಡಲು ಶಾಂತವಾಗಿತ್ತು. ತೈಲವನ್ನು ಬೇಲಿ ಹಾಕಿ ಹಿಡಿಯಲು ಅದೇ ಅವಕಾಶ. ಆದರೆ ಅದಕ್ಕೆಂದೇ ಇಟ್ಟಿದ್ದ ದೋಣಿ ದುರಸ್ತಿಯಲ್ಲಿತ್ತು. ಸಲಕರಣೆಗಳನ್ನು ಹುಡುಕಿ ತುಂಬಿಸಿಕೊಂಡು ಅದು ಸ್ಥಳ ತಲುಪಿದಾಗ ಮಧ್ಯಾಹ್ನವಾಗಿತ್ತು. ಮೂರನೆಯ ದಿನ ಕಳೆದು ಬಿರುಗಾಳಿ ಎದ್ದಿತು. ಅಲ್ಲಿಗೆ ಹಿಡಿಯುವ ಮಾತು ಮುಗಿಯಿತು. ಕೊನೆಗೆ ಸುಮಾರು 2,100 ಕಿಲೋಮೀಟರ್ ತೀರಕ್ಕೆ ಎಣ್ಣೆ ಮೆತ್ತಿತು.

ಆ ಮಾರ್ಚ್ 24 ಗುಡ್ ಫ್ರೈಡೇ. ಇಪ್ಪತ್ತೈದು ವರ್ಷ ಹಿಂದೆ, 1964ರ ಗುಡ್ ಫ್ರೈಡೇ ದಿನವೇ ಇಲ್ಲಿ 9.2 ಪ್ರಮಾಣದ ಭೂಕಂಪವಾಗಿ, ಮೇಲೆದ್ದ ಕಡಲು ಚೆನೇಗಾ ಎಂಬ ಮೂಲನಿವಾಸಿಗಳ ಹಳ್ಳಿಯನ್ನು ಗುಡಿಸಿಹಾಕಿತ್ತು. ಊರಿನ ಮೂರನೇ ಒಂದರಷ್ಟು ಜನ ಸತ್ತಿದ್ದರು. ಉಳಿದವರು ಇಪ್ಪತ್ತು ವರ್ಷ ಅಲ್ಲಿ ಇಲ್ಲಿ ಕಳೆದು, ಬೇರೊಂದು ದ್ವೀಪದಲ್ಲಿ ಅದೇ ಹೆಸರಿನ ಊರು ಕಟ್ಟಿಕೊಂಡು ಐದೇ ವರ್ಷವಾಗಿತ್ತು. ಸತ್ತವರ ಸ್ಮರಣೆಗೆ ಸೇರಿದ್ದ ದಿನ ಎಣ್ಣೆಯ ಸುದ್ದಿ ಬಂತು. ಕಡಲು ಇಳಿದರೆ ಊಟಕ್ಕೆ ಬಡಿಸಿದಂತೆ ಎಂಬ ಅರ್ಥದ ಮಾತು ಆ ಕರಾವಳಿಯ ಜನರಲ್ಲಿದೆ. ಇಳಿತದ ಹೊತ್ತಿಗೆ ತೆರೆದುಕೊಳ್ಳುವ ಬಂಡೆಗಳಲ್ಲಿ ಕಪ್ಪೆಚಿಪ್ಪು ಆರಿಸಿ, ಸೀಲ್ ಬೇಟೆಯಾಡಿ ಬದುಕಿದವರಿಗೆ, ಇದನ್ನು ತಿನ್ನಬಹುದೇ ಎಂದು ಸರ್ಕಾರದ ಪ್ರಯೋಗಾಲಯವನ್ನು ಕೇಳುವ ಸ್ಥಿತಿ ಬಂತು.

ತಣ್ಣನೆಯ ಕಡಲಿಗೆ ಎಣ್ಣೆ ಯಾಕೆ ಇಷ್ಟು ಕಷ್ಟ? ಧನುರ್ಮಾಸದ ಬೆಳಿಗ್ಗೆ ಬಾಟಲಿಯಿಂದ ಇಳಿಯದೆ ಸತಾಯಿಸುವ ಕೊಬ್ಬರಿ ಎಣ್ಣೆಯನ್ನು ಕಂಡವರಿಗೆ ಮೊದಲ ಕಾರಣವನ್ನು ವಿವರಿಸಬೇಕಿಲ್ಲ. ಕಚ್ಚಾ ತೈಲವೂ ಚಳಿಗೆ ಮಂದವಾಗುತ್ತದೆ. ಬೆಚ್ಚನೆಯ ಕಡಲಲ್ಲಿ ಅದರ ಹಗುರ ಅಂಶಗಳು, ಎಂದರೆ ತಕ್ಷಣಕ್ಕೆ ಹೆಚ್ಚು ವಿಷವಾದವು, ಬೇಗ ಆವಿಯಾಗುತ್ತವೆ. ಚಳಿಯಲ್ಲಿ ಅವು ನೀರಿನ ಸಂಪರ್ಕದಲ್ಲೇ ಹೆಚ್ಚು ಹೊತ್ತು ಉಳಿಯುತ್ತವೆ. ತೈಲವನ್ನು ತಿಂದು ಜೀರ್ಣಿಸಿಕೊಳ್ಳುವ ಬ್ಯಾಕ್ಟೀರಿಯಾಗಳು ಎಲ್ಲ ಕಡಲುಗಳಲ್ಲೂ ಇವೆ. ಆದರೆ ಫ್ರಿಜ್ಜಿನಲ್ಲಿಟ್ಟ ದೋಸೆ ಹಿಟ್ಟು ಬೇಗ ಹುಳಿ ಬರುವುದಿಲ್ಲ, ಇಲ್ಲಿಯೂ ಅಷ್ಟೇ.

ಹಾಗೆಂದು ಎಲ್ಲವನ್ನೂ ಚಳಿಯ ತಲೆಗೆ ಕಟ್ಟುವಂತಿಲ್ಲ. 2010ರಲ್ಲಿ ಮೆಕ್ಸಿಕೋ ಕೊಲ್ಲಿಯ ಬಾವಿ ಸಿಡಿದಾಗ, ಆಳದ 5 ಡಿಗ್ರಿ ತಣ್ಣೀರಿನಲ್ಲೂ ಬ್ಯಾಕ್ಟೀರಿಯಾಗಳು ಚುರುಕಾಗಿ ಕೆಲಸ ಮಾಡಿದ್ದು ಕಂಡಿತು. ಅಲ್ಲಿ ತೈಲ ನೀರಿನಲ್ಲಿ ಚದುರಿತ್ತು, ಆಮ್ಲಜನಕ ಸಿಗುತ್ತಿತ್ತು. ಅಲಾಸ್ಕಾದ ತೀರದಲ್ಲಿ ಮೇಲೆ ದೊಡ್ಡ ಗುಂಡುಕಲ್ಲು, ಕೆಳಗೆ ಜಲ್ಲಿ. ಎಣ್ಣೆ ಸಂದುಗಳಲ್ಲಿ ಇಳಿದು ಅಡಗಿತು. ಅಲ್ಲಿಗೆ ಅಲೆ ಮುಟ್ಟದು, ಗಾಳಿ ಹೋಗದು, ಬ್ಯಾಕ್ಟೀರಿಯಾಕ್ಕೆ ಬೇಕಾದ ಸಾರಜನಕ, ರಂಜಕಗಳೂ ಸಾಲವು. ಚಳಿಯ ಜೊತೆಗೆ ಇದೂ ಸೇರಿದ್ದರಿಂದ ಎಣ್ಣೆ ಉಪ್ಪಿನಕಾಯಿಯಂತೆ ಕೆಡದೆ ಉಳಿಯಿತು.

ಇನ್ನೊಂದು ಕಾರಣ ಪ್ರಾಣಿಗಳ ಮೈಯಲ್ಲಿದೆ. ತುಂಗಭದ್ರೆ, ಕಾವೇರಿಗಳಲ್ಲಿ ಕಾಣುವ ನೀರುನಾಯಿಯ ದೊಡ್ಡಣ್ಣನಂತಿರುವ ಕಡಲ ನೀರುನಾಯಿಗೆ ಸೀಲ್‌ಗಿರುವಂಥ ಕೊಬ್ಬಿನ ಹೊದಿಕೆ ಇಲ್ಲ. 4 ಡಿಗ್ರಿಯ ನೀರಿನಲ್ಲಿ ಅದನ್ನು ಬದುಕಿಸುವುದು ತುಪ್ಪಳವೊಂದೇ. ಒಂದು ಚದರ ಅಂಗುಲದಲ್ಲಿ ಹತ್ತು ಲಕ್ಷದವರೆಗೆ ಕೂದಲು. ನಡುವೆ ಸಿಕ್ಕ ಗಾಳಿಯೇ ಅದರ ಕಂಬಳಿ. ಈ ತುಪ್ಪಳವೇ ಅದಕ್ಕೆ ಹಿಂದೊಮ್ಮೆ ಮುಳುವಾಗಿತ್ತು. 1741ರಲ್ಲಿ ಬೇರಿಂಗ್‌ನ ಸಂಗಡಿಗರು ರಷ್ಯಕ್ಕೆ ಒಯ್ದ ಚರ್ಮಗಳನ್ನು ಕಂಡು ವರ್ತಕರು ಮುಗಿಬಿದ್ದರು. 1911ರಲ್ಲಿ ನಾಲ್ಕು ದೇಶಗಳು ಒಪ್ಪಂದ ಮಾಡಿಕೊಂಡು ಬೇಟೆ ನಿಲ್ಲಿಸುವಾಗ ಇಡೀ ಜಗತ್ತಿನಲ್ಲಿ ಉಳಿದದ್ದು ಒಂದೆರಡು ಸಾವಿರ. ಅಂಥ ಅಳಿದುಳಿದ ಗುಂಪುಗಳಲ್ಲಿ ಒಂದು ಪ್ರಿನ್ಸ್ ವಿಲಿಯಂ ಸೌಂಡ್‌ನದು. ಎಪ್ಪತ್ತೆಂಟು ವರ್ಷದಲ್ಲಿ ಅದು ಮತ್ತೆ ತುಂಬಿಕೊಂಡಿತ್ತು.

ಎಣ್ಣೆ ಮೆತ್ತಿದ ತುಪ್ಪಳದಲ್ಲಿ ಗಾಳಿ ನಿಲ್ಲುವುದಿಲ್ಲ. ನೀರುನಾಯಿ ಚಳಿಗೆ ನಡುಗುತ್ತದೆ, ಮೈ ಶುಚಿ ಮಾಡಿಕೊಳ್ಳಲು ನೆಕ್ಕುತ್ತದೆ, ನೆಕ್ಕಿದಷ್ಟೂ ಎಣ್ಣೆ ಹೊಟ್ಟೆಗೆ ಹೋಗುತ್ತದೆ. ಸುಮಾರು 2,800 ಕಡಲ ನೀರುನಾಯಿಗಳೂ ಎರಡೂವರೆ ಲಕ್ಷ ಹಕ್ಕಿಗಳೂ ಸತ್ತವೆಂದು ಅಂದಾಜು. ಹಿಡಿದು ತಂದು ತೊಳೆದು ಆರೈಕೆ ಮಾಡಿದ 350ಕ್ಕೂ ಹೆಚ್ಚು ನೀರುನಾಯಿಗಳಲ್ಲಿ ಇನ್ನೂರರಷ್ಟನ್ನು ಮರಳಿ ಕಡಲಿಗೆ ಬಿಟ್ಟರು. ತಲಾ ಎಂಬತ್ತು ಸಾವಿರ ಡಾಲರಿಗೂ ಮಿಕ್ಕಿ ಖರ್ಚಾಯಿತು. ಜನರ ಕನಿಕರ ನಿಜವಾದದ್ದೇ. ಆದರೆ ಕಡಲು ಚೇತರಿಸಿಕೊಳ್ಳುವುದಕ್ಕೆ ಅದರಿಂದ ಆದ ಸಹಾಯ ಅತ್ಯಲ್ಪ.

ತೀರ ತೊಳೆದ ಕಥೆ ಇನ್ನೂ ವಿಚಿತ್ರ. ಆ ಬೇಸಿಗೆ ಹತ್ತು ಸಾವಿರ ಕೆಲಸಗಾರರು, ಸಾವಿರದಷ್ಟು ದೋಣಿಗಳು ಅಲ್ಲಿ ನೆರೆದಿದ್ದವು. ಬಿಸಿನೀರನ್ನು ಭಾರೀ ಒತ್ತಡದಲ್ಲಿ ಬಂಡೆಗಳಿಗೆ ಹೊಡೆದರು. ಟಿವಿಯಲ್ಲಿ ಕಲ್ಲುಗಳು ಹೊಳೆಯುತ್ತಿದ್ದವು. ಸದಾ ತಣ್ಣೀರಿನಲ್ಲೇ ಬದುಕುವ ಪಾಚಿ, ಚಿಪ್ಪುಜೀವಿ, ಹುಳುಗಳ ಪೈಕಿ ಎಣ್ಣೆಯಿಂದ ಉಳಿದಿದ್ದವು ಈ ಬಿಸಿನೀರಿಗೆ ಬೆಂದುಹೋದವು. ಹೋಲಿಕೆಗೆಂದು ತೊಳೆಯದೆ ಬಿಟ್ಟ ತೀರಗಳಲ್ಲಿ ಜೀವ ಬೇಗ ಮರಳಿತೆಂದು ಮುಂದಿನ ವರ್ಷಗಳಲ್ಲಿ ಅಮೆರಿಕ ಸರ್ಕಾರದ ವಿಜ್ಞಾನಿಗಳು ಕಂಡುಕೊಂಡರು. ಶುಚಿಯಾಗಿ ಕಾಣುವುದೂ ಬದುಕಿರುವುದೂ ಒಂದೇ ಅಲ್ಲವೆಂದು ಅಂದು ಹೇಳಿದ್ದರೆ ಕೇಳುವವರು ಇರುತ್ತಿರಲಿಲ್ಲ. ಏನಾದರೂ ಮಾಡಬೇಕೆಂಬ ಒತ್ತಾಯ ಅಷ್ಟಿತ್ತು.

ಮೀನುಗಳ ಪಾಡು ತಡವಾಗಿ ತಿಳಿಯಿತು. ಗುಲಾಬಿ ಸಾಲ್ಮನ್ ಮೀನು ಹೊಳೆ ಕಡಲು ಸೇರುವ ಜಲ್ಲಿಯಲ್ಲಿ ಮೊಟ್ಟೆಯಿಡುತ್ತದೆ. ಎಣ್ಣೆ ಮುಟ್ಟಿದ ಹೊಳೆಗಳಲ್ಲಿ ನಾಲ್ಕು ವರ್ಷವಾದರೂ ಮೊಟ್ಟೆಗಳು ಹೆಚ್ಚಾಗಿ ಸಾಯುತ್ತಿದ್ದವು. ನೀರಿನಲ್ಲಿ ನೂರು ಕೋಟಿಗೆ ಕೆಲವೇ ಭಾಗದಷ್ಟು ಎಣ್ಣೆಯಂಶವೂ ಭ್ರೂಣಕ್ಕೆ ಹಾನಿ ಮಾಡುತ್ತದೆಂದು ಪ್ರಯೋಗಗಳು ತೋರಿಸಿದವು. ಮರಿ ಹೊರನೋಟಕ್ಕೆ ಸರಿಯಾಗಿರುತ್ತದೆ, ಹೃದಯದ ಆಕಾರ ಕೆಟ್ಟಿರುತ್ತದೆ, ಬೆಳೆದಾಗ ವೇಗವಾಗಿ ಈಜಲಾರದು.

ಕರಾವಳಿಯ ಬೂತಾಯಿಯ ದೂರದ ನೆಂಟನಾದ ಹೆರಿಂಗ್ ಮೀನು ಅಪಘಾತವಾದ ಕೆಲವೇ ವಾರಗಳಲ್ಲಿ ಮೊಟ್ಟೆಯಿಡಲು ತೀರಕ್ಕೆ ಬಂದಿತ್ತು. 1993ರಲ್ಲಿ ಅದರ ಸಂಖ್ಯೆ ಏಕಾಏಕಿ ಕುಸಿಯಿತು. ಕಾರಣ ಎಣ್ಣೆಯೇ, ರೋಗವೇ, ಎರಡೂ ಸೇರಿಯೇ ಎಂಬ ವಿವಾದ ಇನ್ನೂ ಬಗೆಹರಿದಿಲ್ಲ. ಹೆರಿಂಗ್ ಹಿಂದಿನ ಮಟ್ಟಕ್ಕೆ ಮರಳಿಯೂ ಇಲ್ಲ. ಆ ವರ್ಷದ ಆಗಸ್ಟ್‌ನಲ್ಲಿ ಕಾರ್ಡೋವಾದ ಮೀನುಗಾರರು ಸಾಲ ತೀರದ ತಮ್ಮ ದೋಣಿಗಳನ್ನೇ ವಾಲ್ಡೀಜ್‌ನ ಇಕ್ಕಟ್ಟಾದ ಜಲಮಾರ್ಗಕ್ಕೆ ಅಡ್ಡ ನಿಲ್ಲಿಸಿ ಮೂರು ದಿನ ಟ್ಯಾಂಕರ್‌ಗಳನ್ನು ತಡೆದರು. 1994ರಲ್ಲಿ ಜ್ಯೂರಿ ಕಂಪನಿಗೆ 500 ಕೋಟಿ ಡಾಲರ್ ದಂಡ ವಿಧಿಸಿತು. ಮೇಲ್ಮನವಿಗಳು ನಡೆದು 2008ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು 50.75 ಕೋಟಿಗೆ ಇಳಿಸಿತು. ಅಷ್ಟರಲ್ಲಿ ಫಿರ್ಯಾದುದಾರರಲ್ಲಿ ಸಾವಿರಾರು ಮಂದಿ ತೀರಿಕೊಂಡಿದ್ದರು. ಒಳ್ಳೆಯದೂ ಒಂದಾಯಿತು: 1990ರ ಕಾಯ್ದೆಯಿಂದಾಗಿ ಟ್ಯಾಂಕರ್‌ಗಳಿಗೆ ಇಮ್ಮಡಿ ಒಡಲು ಕಡ್ಡಾಯವಾಯಿತು.

ತೀರದ ಎಣ್ಣೆ ಮುಗಿದಿರಬೇಕೆಂದೇ ಎಲ್ಲರೂ ಭಾವಿಸಿದ್ದರು. 2001ರಲ್ಲಿ ಸರ್ಕಾರಿ ವಿಜ್ಞಾನಿಗಳು 91 ಕಡೆ ಒಂಬತ್ತು ಸಾವಿರದಷ್ಟು ಗುಂಡಿ ತೋಡಿ ನೋಡಿದರು. ಅರ್ಧಕ್ಕೂ ಹೆಚ್ಚು ತಾಣಗಳಲ್ಲಿ ಎಣ್ಣೆ ಸಿಕ್ಕಿತು, ಕೆಲವೆಡೆ ಹೊಸದರಂತೆ ಜಿನುಗಿತು. ಅದೇ ಜಲ್ಲಿಯಲ್ಲಿ ಕಡಲ ನೀರುನಾಯಿಗಳೂ ಚಿಪ್ಪುಜೀವಿಗಾಗಿ ಗುಂಡಿ ತೋಡುತ್ತವೆ. ಹೆಚ್ಚು ಎಣ್ಣೆ ಬಿದ್ದ ಕಡೆ ಅವುಗಳ ಸಂಖ್ಯೆ ಏರದಿದ್ದುದರ ಗುಟ್ಟು ಇದರಲ್ಲಿತ್ತು. ಅವು ಚೇತರಿಸಿಕೊಂಡವೆಂದು ಹೇಳಲು ಅಪಘಾತದಿಂದ ಸುಮಾರು ಕಾಲು ಶತಮಾನ ಬೇಕಾಯಿತು.

ಓರ್ಕಾ ತಿಮಿಂಗಿಲಗಳದು ಬೇರೆಯೇ ಲೆಕ್ಕ. ಹೆಣ್ಣು ಓರ್ಕಾ ಹಲವು ವರ್ಷಕ್ಕೊಂದು ಮರಿ ಹಾಕುತ್ತದೆ. ‘ಎಟಿ1’ ಎಂದು ಸಂಶೋಧಕರು ಗುರುತಿಸುವ, ಬೇರೆ ಓರ್ಕಾಗಳೊಂದಿಗೆ ಬೆರೆಯದ ಒಂದು ಗುಂಪಿನಲ್ಲಿ ಅಪಘಾತಕ್ಕೆ ಮುಂಚೆ 22 ಓರ್ಕಾಗಳಿದ್ದವು. ಎಣ್ಣೆಯ ನಡುವೆ ಅವು ಉಸಿರಾಡಲು ಮೇಲೆ ಬಂದ ಚಿತ್ರಗಳಿವೆ. ಒಂದೆರಡು ವರ್ಷದೊಳಗೆ ಒಂಬತ್ತು ಕಾಣೆಯಾದವು. ಈಗ ಉಳಿದಿರುವುದು ಬೆರಳೆಣಿಕೆಯಷ್ಟು. ಆ ಗುಂಪಿನಲ್ಲಿ 1984ರ ನಂತರ ಒಂದು ಮರಿಯೂ ಹುಟ್ಟಿಲ್ಲ.